ಏಳನೇ ನಂಬರ್ ರೂಮಿನಲ್ಲಿ ಉಳಿದುಹೋದ ಕೃಷ್ಣ

ನಮ್ಮಪ್ಪನಿಗೆ ಸಾಮಾನು ಎಣಿಸುವ ಚಟವಿತ್ತು. ಎಲ್ಲಿಗೆ ಹೊರಟರೂ ಮನೆ ಬಾಗಿಲಲ್ಲಿ ಒಂದು ಸಲ, ಜಟಕಾ ಹತ್ತುವಾಗ ಒಂದು ಸಲ, ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಸಲ, ರೈಲು ಹೊರಟ ಮೇಲೆ ಇನ್ನೊಂದು ಸಲ ಬೆರಳು ಮಡಚಿ ಎಣಿಸಲೇಬೇಕು. ನಡುವೆ ಯಾರಾದರೂ ಮಾತನಾಡಿಸಿದರೆ ಸಿಡುಕಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದರು. ಆ ಲೆಕ್ಕವನ್ನು ನಂಬಿಕೊಂಡೇ ನಾವು ಒಂದು ಸಲ ದೇವರನ್ನು ಮೈಸೂರಿನ ಲಾಡ್ಜಿನಲ್ಲಿ ಬಿಟ್ಟು ಜಯನಗರಕ್ಕೆ ಬಂದುಬಿಟ್ಟೆವು.

ಐವತ್ತರ ದಶಕದ ಕೊನೆಯ ಮಾತು ಇದು. ನನಗೆ ಒಂಬತ್ತು ವರ್ಷ. ಚಾಮರಾಜಪೇಟೆಯ ವಠಾರ ಬಿಟ್ಟು ಜಯನಗರದ ಸ್ವಂತ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ರಸ್ತೆಗಳೇನೋ ನೆಟ್ಟಗೆ ಅಗಲವಾಗಿದ್ದವು, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ನಮಗೂ ಪಕ್ಕದ ಮನೆಗೂ ನಡುವೆ ಎರಡು ಖಾಲಿ ಸೈಟು, ಅದರ ತುಂಬ ಲಂಟಾನದ ಪೊದೆ. ಒಂದು ಲೋಟ ಸಕ್ಕರೆ ಕೇಳಿ ತರಬೇಕಾದರೂ ಹಾವಿಗೆ ಹೆದರಿ ಕಾಲು ಅಪ್ಪಳಿಸಿಕೊಂಡು ಹೋಗಬೇಕಿತ್ತು. ‘ಮನುಷ್ಯರ ಮುಖ ಕಾಣದ ಕಾಡಿಗೆ ತಂದು ಹಾಕಿದ್ಯಲ್ಲೋ’ ಎಂದು ಅಜ್ಜಿ ದಿನಕ್ಕೊಮ್ಮೆಯಾದರೂ ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪ ಕೇಳಿಸದವರ ಹಾಗೆ ಪೇಪರಿನ ಹಾಳೆ ತಿರುಗಿಸುತ್ತಿದ್ದರು.

ಅಜ್ಜಿ ಎಂದರೆ ಅಪ್ಪನ ತಾಯಿ. ಎಪ್ಪತ್ತು ದಾಟಿತ್ತು. ಕೆಂಪು ಸೀರೆ, ತಲೆ ತುಂಬ ಸೆರಗು, ಮೂರು ಹೊತ್ತೂ ಮಡಿ. ಅವಳು ಸ್ನಾನ ಮಾಡಿ ಬಂದಳೆಂದರೆ ನಾವು ಮಕ್ಕಳು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಹೋಟೆಲಿನ ತಿಂಡಿ ಹಾಗಿರಲಿ, ಹೋಟೆಲಿನ ಮುಂದೆ ಹಾದುಹೋಗುವಾಗ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಈರುಳ್ಳಿಯ ಹೆಸರನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಇಷ್ಟು ಕಟ್ಟುನಿಟ್ಟಿನ ಅಜ್ಜಿ ಮೆತ್ತಗಾಗುತ್ತಿದ್ದುದು ಒಬ್ಬನ ಮುಂದೆ ಮಾತ್ರ. ಹೆಬ್ಬೆರಳಿನಷ್ಟೇ ಎತ್ತರದ, ಒಂದು ಕೈಯಲ್ಲಿ ಬೆಣ್ಣೆ ಮುದ್ದೆ ಹಿಡಿದ ಹಿತ್ತಾಳೆಯ ಅಂಬೆಗಾಲು ಕೃಷ್ಣ. ಅವಳು ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ದಿನಾ ಅವನಿಗೆ ಬೆಚ್ಚಗಿನ ನೀರಿನ ಸ್ನಾನ. ಚಳಿಗಾಲದಲ್ಲಿ ಉಣ್ಣೆಯ ಚೂರೊಂದನ್ನು ಹೊದಿಸುವಳು. ಅವನಿಗೆ ನೈವೇದ್ಯವಾಗದೆ ಅವಳ ಬಾಯಿಗೆ ಅಗುಳು ಅನ್ನ ಹೋಗುತ್ತಿರಲಿಲ್ಲ. ನಮ್ಮನ್ನೆಲ್ಲ ಅವಳು ಗದರಿದ್ದೇ ಹೆಚ್ಚು. ಅವನನ್ನು ಮಾತ್ರ ‘ಏನೋ ಕಳ್ಳ’ ಎಂದು ಮಾತನಾಡಿಸುತ್ತಿದ್ದಳು. ನನಗೆ ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಇತ್ತು.

ಅಮ್ಮನ ತಂಗಿಯ ಮದುವೆ ಮೈಸೂರಿನಲ್ಲಿ ಗೊತ್ತಾಯಿತು. ವಠಾರದಲ್ಲಿದ್ದಾಗ ಊರಿಗೆ ಹೋದರೆ ಪಕ್ಕದ ಮನೆಯವರು ಕೃಷ್ಣನನ್ನು ನೋಡಿಕೊಳ್ಳುತ್ತಿದ್ದರು. ಈ ಕಾಡಿನಲ್ಲಿ ಯಾರಿಗೆ ಒಪ್ಪಿಸುವುದು? ಅಜ್ಜಿ ಅವನನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳದ ಹಿತ್ತಾಳೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಒಂದು ಮಡಿಚೀಲಕ್ಕೆ ಹಾಕಿ ತಾನೇ ಹಿಡಿದುಕೊಂಡು ಹೊರಟಳು. ಅಪ್ಪನ ಲೆಕ್ಕದಲ್ಲಿ ಆ ಚೀಲ ಹನ್ನೊಂದನೆಯದು.

ಮೈಸೂರಿನಲ್ಲಿ ಛತ್ರಗಳೆಲ್ಲ ಮದುವೆಯವರಿಂದ ತುಂಬಿಹೋಗಿದ್ದವು. ಸ್ಟೇಷನ್ನಿನ ಹತ್ತಿರ ಕೆಳಗೆ ಹೋಟೆಲು, ಮೇಲೆ ಲಾಡ್ಜು ಇದ್ದ ಕಡೆ ಅಪ್ಪ ಏಳನೇ ನಂಬರಿನ ರೂಮು ಹಿಡಿದರು. ಅಜ್ಜಿ ರೂಮನ್ನು ಮೂರು ಸಲ ತೊಳೆಸಿ, ಮೂಲೆಯಲ್ಲಿ ಇದ್ದಿಲ ಒಲೆ ಹೂಡಿ ತನ್ನ ಅಡುಗೆ ತಾನು ಮಾಡಿಕೊಂಡಳು. ಮಕ್ಕಳ ಕೈಗೆ ಸಿಗಬಾರದೆಂದು ಮಂಚದ ಮೇಲೆ ಹತ್ತಿ, ಗೋಡೆಯ ತೀರಾ ಮೇಲಿನ ಹಲಗೆಯಲ್ಲಿ ಕೃಷ್ಣನ ಚೀಲವನ್ನು ಒಳಗೆ ತಳ್ಳಿ ಇಟ್ಟಳು. ಅಷ್ಟು ಜೋಪಾನ ಮಾಡಿದ್ದೇ ತಪ್ಪಾಯಿತು.

ಹೊರಡುವ ದಿನ ಬೆಳಿಗ್ಗೆ ಪೂಜೆ ಮುಗಿಸಿ ಚೀಲವನ್ನು ಮತ್ತೆ ಅಲ್ಲೇ ಇಟ್ಟಳು. ಆಮೇಲೆ ಶುರುವಾಯಿತು ಗಡಿಬಿಡಿ. ಒಲೆ ಆರಿಸಿ ಕಟ್ಟಬೇಕು, ನನ್ನ ಪುಟ್ಟ ತಮ್ಮ ಚಡ್ಡಿ ಒದ್ದೆ ಮಾಡಿಕೊಂಡಿದ್ದಾನೆ, ಜಟಕಾದವನು ಕೆಳಗಿನಿಂದ ಕೂಗುತ್ತಿದ್ದಾನೆ. ಚೀಲವನ್ನು ಅಮ್ಮ ಮಡಿಯಲ್ಲಿ ಇಳಿಸಿಕೊಂಡಿದ್ದಾಳೆಂದು ಅಜ್ಜಿ, ಅಜ್ಜಿಯೇ ಇಳಿಸಿಕೊಂಡಿದ್ದಾಳೆಂದು ಅಮ್ಮ. ‘ಲೇ, ಏನಾದ್ರೂ ಉಳಿದಿದ್ಯಾ ಅಂತ ಒಂದ್ಸಲ ನೋಡ್ಕೊಂಡು ಬಾ’ ಎಂದು ಅಪ್ಪ ನನ್ನನ್ನೇ ಮೇಲಕ್ಕೆ ಕಳಿಸಿದರು. ನಾನು ಮಂಚದ ಕೆಳಗೆ ನೋಡಿದೆ, ಬಚ್ಚಲಲ್ಲಿ ನೋಡಿದೆ, ಬಾಗಿಲ ಹಿಂದೆ ನೋಡಿದೆ. ಕತ್ತೆತ್ತಿ ಮೇಲೆ ನೋಡಲಿಲ್ಲ. ‘ಏನೂ ಇಲ್ಲಪ್ಪಾ’ ಎಂದು ಮೆಟ್ಟಿಲು ಹಾರಿಕೊಂಡು ಬಂದೆ. ಅಪ್ಪ ಎಣಿಸಿದರು. ಹನ್ನೊಂದು! ಮದುವೆ ಮನೆಯವರು ತಾಂಬೂಲದ ಜೊತೆಗೆ ಒಂದು ಚೀಲ ತೆಂಗಿನಕಾಯಿ ಕೊಟ್ಟಿದ್ದು ಯಾರಿಗೂ ಹೊಳೆಯಲಿಲ್ಲ. ಮದ್ದೂರಿನಲ್ಲಿ ಒಂದು ಸಲ, ಬೆಂಗಳೂರಿನಲ್ಲಿ ಒಂದು ಸಲ ಲೆಕ್ಕ ಸರಿಬಂತು. ಅಪ್ಪ ಅಷ್ಟು ಖುಷಿಯಾಗಿದ್ದುದನ್ನು ನಾನು ಕಂಡಿದ್ದೇ ಕಡಿಮೆ.

ಸಾಯಂಕಾಲ ಜಯನಗರ ತಲುಪಿದೆವು. ಪ್ರಯಾಣದಲ್ಲಿ ಅಜ್ಜಿ ಏನೂ ತಿನ್ನುವವಳಲ್ಲ. ಅವಳ ಊಟ ಆಗಿದ್ದು ಹಿಂದಿನ ದಿನ ಮಧ್ಯಾಹ್ನ. ಸ್ನಾನ ಮಾಡಿ, ಕೃಷ್ಣನಿಗೆ ದೀಪ ಹಚ್ಚಿ, ಎರಡು ಹಿಡಿ ಅವಲಕ್ಕಿ ತಿನ್ನುತ್ತೇನೆಂದು ಬಚ್ಚಲಿಗೆ ಹೋದಳು. ಬಂದು ಚೀಲ ಹುಡುಕಿದಳು. ಹನ್ನೊಂದು ಸಾಮಾನನ್ನೂ ನಡುಮನೆಯಲ್ಲಿ ಸುರಿದು ಹುಡುಕಿದೆವು. ಕಾಯಿಗಳು ಉರುಳಿಕೊಂಡು ಮೂಲೆ ಸೇರಿದವು.

ಅಜ್ಜಿ ಕೂಗಾಡಲಿಲ್ಲ. ಅದಕ್ಕೇ ನಮಗೆ ಹೆದರಿಕೆಯಾದದ್ದು. ದೇವರ ಮನೆಯ ಹೊಸ್ತಿಲ ಹತ್ತಿರ ಗೋಡೆಗೊರಗಿ ಕೂತು, ‘ಮಗು ಒಂದೇ ಇದೆ ಅಲ್ಲಿ’ ಎಂದಳು. ಅಷ್ಟೇ.

ಅಮ್ಮ ಹಾಲು ತಂದಳು, ಬೇಡವೆಂದಳು. ಬಾಳೆಹಣ್ಣು ತಂದಳು, ಅದೂ ಬೇಡ. ಕೊನೆಗೆ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಕೃಷ್ಣನನ್ನು ತಂದು ಮುಂದಿಟ್ಟು, ‘ಇವತ್ತೊಂದು ದಿನ ಇವನಿಗೇ ನೈವೇದ್ಯ ಮಾಡಿ ಸ್ವಲ್ಪ ಏನಾದ್ರೂ ತಗೊಳ್ಳಿ. ಎಲ್ಲಾ ಅವನೇ ಅಲ್ವಾ?’ ಎಂದಳು.

ಅಜ್ಜಿ ತಲೆಯೆತ್ತಿದಳು. ‘ನಿನ್ನ ಮಗನ್ನ ಪರ ಊರಲ್ಲಿ ಬಿಟ್ಟು ಬಂದು, ಪಕ್ಕದ್ಮನೆ ಹುಡುಗನಿಗೆ ಉಣ್ಸಿ ನೀನು ಊಟ ಮಾಡ್ತೀಯೇನೇ?’

ಅಮ್ಮ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿ ಬಂದಳು. ನೀರು ಬಿಟ್ಟರೆ ಬೇರೇನನ್ನೂ ಅಜ್ಜಿ ಮುಟ್ಟಲಿಲ್ಲ. ಅಪ್ಪ ಖಾಲಿ ಸೈಟು ದಾಟಿ ಓಡಿ, ಪಕ್ಕದ ಮನೆಯವರ ಸೈಕಲ್ಲು ಕೇಳಿ ತಂದು, ಬಸವನಗುಡಿಗೆ ಹೋಗಿ ತಂತಿ ಕೊಟ್ಟು ಬಂದರು. ‘ಏಳನೇ ರೂಮಿನಲ್ಲಿ ದೇವರನ್ನು ಬಿಟ್ಟಿದ್ದೇವೆ. ಜೋಪಾನ. ನಾಳೆ ಬರುತ್ತೇವೆ.’ ತಂತಿ ಕಚೇರಿಯವರು ಅದನ್ನು ಎರಡು ಸಲ ಓದಿ ಅಪ್ಪನ ಮುಖವನ್ನೇ ನೋಡಿದರಂತೆ.

ನಾನು ಹಾಸಿಗೆಯೊಳಗೆ ಮುಖ ಮುಚ್ಚಿಕೊಂಡು ಅತ್ತೆ. ಕೃಷ್ಣ ಸಿಗದಿದ್ದರೆ ಅಜ್ಜಿ ಊಟ ಮಾಡುವುದಿಲ್ಲ, ಊಟ ಮಾಡದಿದ್ದರೆ ಸತ್ತುಹೋಗುತ್ತಾಳೆ, ಕತ್ತೆತ್ತಿ ನೋಡದ ನನ್ನಿಂದಲೇ ಸತ್ತುಹೋಗುತ್ತಾಳೆ. ಬೆಳಿಗ್ಗೆ ಅಪ್ಪನ ಜೊತೆ ಅಜ್ಜಿಯೂ ಹೊರಟು ನಿಂತಾಗ ನಾನೂ ಬರುತ್ತೇನೆಂದು ಅವಳ ಸೀರೆ ಹಿಡಿದುಕೊಂಡೆ. ಮಡಿ ಸೀರೆ ಮುಟ್ಟಿದ್ದಕ್ಕೆ ಬೈಯಲೂ ಇಲ್ಲ ಅವಳು. ಅದನ್ನು ಕಂಡು ಅಪ್ಪನಿಗೂ ಗಾಬರಿಯಾಗಿರಬೇಕು, ‘ಸರಿ ಬಾ’ ಎಂದುಬಿಟ್ಟರು.

ರೈಲಿನಲ್ಲಿ ಅಜ್ಜಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ರಾಮನಗರ ದಾಟಿದ ಮೇಲೆ ಅಪ್ಪ ಮೆಲ್ಲಗೆ, ‘ಅಮ್ಮಾ, ಒಂದು ಎಳನೀರಾದ್ರೂ ಕುಡಿ’ ಎಂದರು.

‘ಅವನು ಕುಡಿದ್ನಾ?’ ಎಂದು ಕೇಳಿದಳು ಅಜ್ಜಿ.

ಮೈಸೂರಿನಲ್ಲಿ ಇಳಿಯುವಾಗ ಅವಳಿಗೆ ಕಣ್ಣು ಕತ್ತಲೆ ಬಂತು. ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡು ನಡೆಸಿದೆವು. ಹೋಟೆಲಿನ ಮೆಟ್ಟಿಲಲ್ಲಿ ಮೂಗಿಗೆ ಸೆರಗು ಹಿಡಿಯುವುದನ್ನೂ ಅವಳು ಮರೆತಿದ್ದಳು.

ಗಲ್ಲಾದ ಮುಂದೆ ಕೂತಿದ್ದ ಮ್ಯಾನೇಜರು ನಮ್ಮನ್ನು ಕಂಡದ್ದೇ ಎದ್ದು ನಿಂತರು. ದಪ್ಪ ಮೀಸೆ, ದೊಡ್ಡ ಹೊಟ್ಟೆ, ಹಣೆಯಲ್ಲಿ ಕುಂಕುಮ. ‘ಬನ್ನಿ ಬನ್ನಿ ಅಜ್ಜಿ! ನಿಮ್ಮ ಹುಡುಗ ಆರಾಮಾಗಿದ್ದಾನೆ, ನೋಡಿ’ ಎಂದು ಹಿಂದೆ ಕೈ ತೋರಿಸಿದರು.

ಗೋಡೆಯಲ್ಲಿ ಹೋಟೆಲಿನ ಲಕ್ಷ್ಮಿ ಪಟದ ಪಕ್ಕದ ಗೂಡಿನಲ್ಲಿ ನಮ್ಮ ಕೃಷ್ಣ ಕೂತಿದ್ದ! ಕತ್ತಿಗೆ ಅವನಿಗಿಂತ ದಪ್ಪನೆಯ ಮಲ್ಲಿಗೆ ಹಾರ. ಊದುಬತ್ತಿಯ ಹೊಗೆ. ಹೋಟೆಲಿನ ಗಿರಾಕಿಗಳು ಕೈತೊಳೆದು ಹೋಗುವಾಗ ಲಕ್ಷ್ಮಿಯ ಜೊತೆಗೆ ಅವನಿಗೂ ಒಂದು ನಮಸ್ಕಾರ ಹಾಕಿ ಹೋಗುತ್ತಿದ್ದರು. ಚಾಮರಾಜಪೇಟೆಯಲ್ಲಾಗಲಿ ಜಯನಗರದಲ್ಲಾಗಲಿ ಇಷ್ಟು ಜನ ಅವನನ್ನು ಯಾವತ್ತೂ ನೋಡಿರಲಿಲ್ಲ. ನಾನು ಅಲ್ಲೇ ಕುಣಿದುಬಿಟ್ಟೆ. ಅಜ್ಜಿ ಮಾತ್ರ ಎರಡು ಕೈಯನ್ನೂ ಗಲ್ಲಾದ ಮೇಲೆ ಊರಿಕೊಂಡು ಅವನನ್ನೇ ನೋಡುತ್ತ ನಿಂತಳು. ಕಣ್ಣಿಂದ ನೀರು ಇಳಿಯುತ್ತಿತ್ತು.

ಕಸ ಗುಡಿಸುವ ಹೆಂಗಸು ಜೇಡರ ಬಲೆ ತೆಗೆಯಲು ಹೋಗಿ ಚೀಲ ಕಂಡಳಂತೆ. ಕೈಯಲ್ಲಿ ಮುಟ್ಟದೆ ಮ್ಯಾನೇಜರನ್ನು ಕೂಗಿದಳಂತೆ. ಮ್ಯಾನೇಜರು ತಲೆಗೆ ಎರಡು ತಂಬಿಗೆ ನೀರು ಸುರಿದುಕೊಂಡು ಬಂದು ಇಳಿಸಿದರಂತೆ. ‘ಮಗು ದೇವರು ಅಲ್ವೇ ಸ್ವಾಮಿ, ಉಪವಾಸ ಕೆಡವೋಕಾಗುತ್ತಾ?’ ಎಂದರು ಅಪ್ಪನಿಗೆ. ‘ನಮ್ಮಲ್ಲಿ ಏನೇ ಮಾಡಿದ್ರೂ ಮೊದಲನೇದು ಪಟದ ಮುಂದೆ ಇಡೋದು ಪದ್ಧತಿ. ನಿನ್ನೆಯಿಂದ ಇವನಿಗೂ ಇಡ್ತಿದೀವಿ. ನಿನ್ನೆ ಸಾಯಂಕಾಲ ಬೋಂಡ. ಇವತ್ತು ಬೆಳಿಗ್ಗೆ ಇಡ್ಲಿ. ಈಗ ತಾನೇ ದೋಸೆ ಇಟ್ಟೆ, ನೋಡಿ, ಇನ್ನೂ ಬಿಸಿಯಿದೆ.’

ಆಗಲೇ ನಾವು ಗಮನಿಸಿದ್ದು. ಕೃಷ್ಣನ ಮುಂದೆ ಬಾಳೆಲೆಯ ಮೇಲೆ ಕೆಂಪಗೆ ಬೆಂದ ಮಸಾಲೆ ದೋಸೆ ಇತ್ತು. ಮಡಚಿದ ದೋಸೆಯ ಅಂಚಿನಿಂದ ಆಲೂಗಡ್ಡೆ ಪಲ್ಯ ಇಣುಕುತ್ತಿತ್ತು. ಅದರೊಳಗೆ ನೀಳವಾಗಿ ಹೆಚ್ಚಿದ, ನೋಡಿದ ಕೂಡಲೇ ಗೊತ್ತಾಗುವಂಥ ಈರುಳ್ಳಿ.

ಅಪ್ಪನ ಮುಖ ಬಿಳುಚಿಕೊಂಡಿತು. ಮ್ಯಾನೇಜರ ಕಿವಿಯ ಹತ್ತಿರ ಬಾಗಿ, ‘ಅದು... ಈರುಳ್ಳಿ ಹಾಕಿದೀರಾ?’ ಎಂದು ಪಿಸುಗುಟ್ಟಿದರು.

‘ಹಾಕ್ದೆ ಇರ್ತೀವಾ ಸ್ವಾಮಿ? ಈರುಳ್ಳಿ ಇಲ್ದಿದ್ರೆ ಅದೆಂಥ ಮಸಾಲೆ ದೋಸೆ!’ ಮ್ಯಾನೇಜರ ದನಿ ಬೀದಿಗೆ ಕೇಳಿಸಿತು.

ನಾನು ಅಜ್ಜಿಯ ಮುಖ ನೋಡಿದೆ. ಅಪ್ಪ ಅಜ್ಜಿಯ ಮುಖ ನೋಡಿದರು. ಪಂಚಗವ್ಯ ಎಲ್ಲಿ ಸಿಗುತ್ತದೆ, ಶುದ್ಧಿ ಮಾಡಿಸಲು ಪುರೋಹಿತರು ಯಾರು ಸಿಗುತ್ತಾರೆ ಎಂದು ಅಪ್ಪ ಆಗಲೇ ಯೋಚಿಸುತ್ತಿದ್ದರಂತೆ. ಅಜ್ಜಿ ಸುಮ್ಮನೆ ದೋಸೆಯನ್ನೂ ಕೃಷ್ಣನನ್ನೂ ನೋಡುತ್ತಿದ್ದಳು. ಆಮೇಲೆ ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ ಮ್ಯಾನೇಜರನ್ನು ಕೇಳತೊಡಗಿದಳು.

‘ಸ್ನಾನ ಮಾಡಿಸಿದ್ರಾ?’

‘ಮಾಡಿಸ್ದೆ ಅಜ್ಜಿ. ಬಿಸಿನೀರಲ್ಲೇ.’

‘ತುಳಸಿ?’

‘ಸಿಗ್ಲಿಲ್ಲ. ಮಲ್ಲಿಗೆ ಹಾಕ್ದೆ.’

‘ಎಲೆ ಸುತ್ತ ನೀರು ಕಟ್ಟಿ, ಕೈ ಮುಗಿದು ಇಟ್ರಾ? ಸುಮ್ನೆ ಪಟದ ಮುಂದೆ ಎಸೆದ ಹಾಗೆ ಇಟ್ರಾ?’

ಮ್ಯಾನೇಜರು ನೊಂದುಕೊಂಡರು. ‘ನೀರು ಕಟ್ಟಿ, ತಿನ್ನಪ್ಪಾ ಅಂತ ಹೇಳಿ ಇಟ್ಟಿದೀನಿ ಅಜ್ಜಿ. ನನಗೂ ಮಕ್ಕಳಿವೆ.’

ಅಜ್ಜಿ ನಲ್ಲಿಯ ಹತ್ತಿರ ಹೋಗಿ ಕೈಕಾಲು ತೊಳೆದು ಬಂದು, ಒಂದು ಮೂಲೆಯಲ್ಲಿ ನೆಲದ ಮೇಲೆ ಕೂತಳು. ‘ಹಾಗಾದ್ರೆ ಅದು ಪ್ರಸಾದ. ಕೊಡಿ’ ಎಂದಳು.

‘ಅಮ್ಮಾ!’ ಎಂದರು ಅಪ್ಪ.

‘ಏನೋ ಅಮ್ಮಾ? ಅವನು ಉಂಡದ್ದು ನಾನು ಬೇಡ ಅನ್ಲಾ? ಅವನಿಗಿಂತ ದೊಡ್ಡವಳೇನೋ ನಾನು?’

ಮ್ಯಾನೇಜರೇ ಎಲೆಯನ್ನು ಎರಡು ಕೈಯಲ್ಲಿ ಎತ್ತಿ ತಂದು ಅವಳ ಮುಂದಿಟ್ಟರು. ಅಜ್ಜಿ ಅದಕ್ಕೆ ಕೈಮುಗಿದು, ಕಣ್ಣಿಗೊತ್ತಿಕೊಂಡು, ಒಂದು ಚೂರು ಮುರಿದು ಬಾಯಿಗಿಟ್ಟಳು. ಅಗಿದಳು. ಹುಬ್ಬು ಒಂದಿಷ್ಟು ಮೇಲಕ್ಕೆ ಹೋಯಿತು. ಎಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಬಾಯಿಗೆ ಈರುಳ್ಳಿ ತಾಗಿದಾಗ ಏನನ್ನಿಸಿತೋ ನನಗೆ ಗೊತ್ತಿಲ್ಲ. ಎರಡನೆಯ ಚೂರನ್ನು ಪಲ್ಯದ ಸಮೇತ ತೆಗೆದುಕೊಂಡಳು. ಮೂರನೆಯದನ್ನು ಇನ್ನೂ ಬೇಗ. ಅವಳ ಕೆನ್ನೆಗೆ ಬಣ್ಣ ಬರುತ್ತಿರುವುದನ್ನು ನೋಡುತ್ತ ನೋಡುತ್ತ ನನಗೆ ಅಳು ಬಂತು. ಅಜ್ಜಿ ಸಾಯುವುದಿಲ್ಲ. ಆ ಹೊತ್ತಿನ ಸಂತೋಷವನ್ನು ಆಮೇಲೆ ನಾನು ಪರೀಕ್ಷೆ ಪಾಸಾದಾಗಲೂ, ಮದುವೆಯಲ್ಲೂ ಕಂಡಿಲ್ಲ ಎಂದರೆ ನಮ್ಮ ಮನೆಯವರು ಬೇಜಾರು ಮಾಡಿಕೊಳ್ಳಬಾರದು.

ಎಲೆ ಖಾಲಿಯಾಯಿತು. ಅಂಚಿನ ಗರಿಗರಿ ಚೂರನ್ನೂ ಬಿಡಲಿಲ್ಲ. ಅಪ್ಪ ಕೊನೆಗೂ ಉಸಿರು ಬಿಟ್ಟು, ‘ಸರಿ, ಡಬ್ಬಿ ತಗೊಂಡು ಹೊರಡೋಣ್ವಾ? ಎರಡು ಗಂಟೆ ರೈಲಿದೆ’ ಎಂದರು.

ಅಜ್ಜಿ ಏಳಲಿಲ್ಲ. ಗೂಡಿನಲ್ಲಿ ಬೆಣ್ಣೆ ಹಿಡಿದು ಕೂತಿದ್ದ ಕೃಷ್ಣನನ್ನೊಮ್ಮೆ ನೋಡಿದಳು. ಸೆರಗನ್ನು ಸರಿಮಾಡಿಕೊಂಡಳು. ಆಮೇಲೆ ಮ್ಯಾನೇಜರ ಕಡೆ ತಿರುಗಿ, ತೀರಾ ಸಣ್ಣ ದನಿಯಲ್ಲಿ ಹೇಳಿದಳು:

‘ಅವನ ಮುಂದೆ ಇನ್ನೊಂದು ಇಡಿ. ಪಾಪ, ಒಂದರಲ್ಲಿ ಅವನಿಗೆ ಹೊಟ್ಟೆ ತುಂಬಿರಲ್ಲ.’