ಮಾಲೇಕಲ್ಲಿಗೆ ಕೊಟ್ಟ ಮುಡಿ

ನಮ್ಮಮ್ಮ ತಲೆ ಬೋಳಿಸಿಕೊಂಡು ಬಂದ ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಒಂದು ದಿನವಲ್ಲ, ಎರಡು ದಿನವಲ್ಲ, ಪೂರಾ ಒಂಬತ್ತು ದಿನ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಆಗ ನಾನು ಏಳನೇ ಕ್ಲಾಸು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನನ್ನ ಪ್ರಕಾರ ತಪ್ಪು ಪೂರ್ತಿ ಅವಳದೇ.

ಜಾವಗಲ್ಲಿನಲ್ಲಿ ನಮ್ಮ ಮನೆ. ಅಪ್ಪ ತೆಂಗಿನ ತೋಟ ನೋಡಿಕೊಂಡು, ಕೊಬ್ಬರಿ ಮಾಡಿಸಿ ಅರಸೀಕೆರೆಗೆ ಹಾಕುವವರು. ಅಮ್ಮ ಜಗಲಿ ಪಕ್ಕದ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಊರವರ ರವಿಕೆ ಹೊಲಿಯುವವಳು. ಇನ್ನು ಅಜ್ಜಿ, ಅಪ್ಪನ ತಾಯಿ. ಮನೆಯಲ್ಲಿ ಯಾರಿಗೆ ಏನು ಹೇಳಬೇಕು, ಏನು ಹೇಳಬಾರದು ಅನ್ನುವುದೆಲ್ಲ ಅವಳ ತೀರ್ಮಾನ. ಆ ವರ್ಷ ಅಮ್ಮನಿಗೆ ಹೊಟ್ಟೆನೋವು ಶುರುವಾಗಿತ್ತು. ಗ್ಯಾಸ್ಟ್ರಿಕ್ ಎಂದು ನನಗೆ ಹೇಳಿದ್ದರು. ಆಗಾಗ ಅಪ್ಪ ಅವಳನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಬಂದ ಮೇಲೆ ಅವಳು ಎರಡು ಮೂರು ದಿನ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಗ್ಯಾಸ್ಟ್ರಿಕ್ ಅಂದರೆ ಹೀಗೇ ಇರುತ್ತದೇನೋ ಅಂದುಕೊಂಡಿದ್ದೆ.

ಆ ದಿನ ಅಪ್ಪನ ಹಿಂದೆ ಅವಳು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಆಟೋದಿಂದ ಇಳಿದಳು. ಗಾಳಿಗೆ ಸೆರಗು ಜಾರಿತು. ಎದುರು ಮನೆಯ ಹೆಂಗಸು ಬಿಂದಿಗೆ ಕೆಳಗಿಟ್ಟು, "ಇದೇನವ್ವಾ ಇದು?" ಎಂದು ಬಾಯಿ ತೆರೆದಳು. ಅಮ್ಮ ಉತ್ತರ ಕೊಡುವ ಮುಂಚೆಯೇ ಅಜ್ಜಿ ಜಗಲಿಯಿಂದ, "ಮಾಲೇಕಲ್ಲಿಗೆ ಮುಡಿ ಹೊತ್ಕೊಂಡಿದ್ಲು ಕಣವ್ವಾ, ಕೊಟ್ಟು ಬಂದವ್ಳೆ," ಎಂದಳು.

"ಒಳ್ಳೇದಾಯ್ತು ಬಿಡು, ಸ್ವಾಮಿ ಕಣ್ ಬಿಡ್ಲಿ," ಎಂದು ಅವಳು ಕೈ ಮುಗಿದು ಹೋದಳು.

ನನಗೋ ಮೈಯೆಲ್ಲ ಉರಿದುಹೋಯಿತು. ಮಾಲೇಕಲ್ಲು ತಿರುಪತಿ ಎಂದರೆ ಅರಸೀಕೆರೆ ಪಕ್ಕದ ಬೆಟ್ಟ. ಮೇಲೆ ವೆಂಕಟರಮಣ. ದೊಡ್ಡ ತಿರುಪತಿಗೆ ಹೋಗಲಾಗದವರು ಹರಕೆ ತೀರಿಸಲು ಅಲ್ಲಿಗೇ ಹೋಗುವುದು. ಆ ಮೆಟ್ಟಿಲು ಹತ್ತಬೇಕು ಎಂದು ನಾನು ಎಷ್ಟು ದಿನದಿಂದ ಪೀಡಿಸುತ್ತಿದ್ದೆ! ನನ್ನನ್ನು ಶಾಲೆಗೆ ಅಟ್ಟಿ ಇವರಿಬ್ಬರೇ ಹೋಗಿ ಬಂದಿದ್ದಾರೆ.

"ಪ್ರಸಾದ ಎಲ್ಲಿ?" ಎಂದೆ. ಅಪ್ಪ ಜೇಬು ಮುಟ್ಟಿ ನೋಡಿಕೊಂಡರು. "ಬಸ್ಸಲ್ಲೇ ಮರ್ತ್ ಬಂದ್ವಿ ಕಣಮ್ಮ."

"ದೇವರ ಪ್ರಸಾದ ಯಾರಾದ್ರೂ ಮರೀತಾರಾ?" ಎಂದು ಬ್ಯಾಗು ಬಿಸಾಡಿ ಒಳಗೆ ಹೋದವಳು ಅಮ್ಮನ ಜೊತೆ ಮಾತು ನಿಲ್ಲಿಸಿದೆ. ಆದರೂ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳಲು ಅವಳ ಮುಂದೆಯೇ ಕೂರಬೇಕಿತ್ತು. ನನ್ನದು ಸೊಂಟ ದಾಟಿದ ಕೂದಲು, ಅಮ್ಮನಿಗೆ ಅದೊಂದು ಜಂಬ. ನಾನು ಬಡಿಗೆ ನುಂಗಿದವಳ ಹಾಗೆ ಸೆಟೆದು ಕೂರುತ್ತಿದ್ದೆ. "ಯಾವ ರಿಬ್ಬನ್ನೇ?" ಎಂದು ಕೇಳಿದರೆ ಹಿಂದೆ ತಿರುಗದೆ ಕೆಂಪು ರಿಬ್ಬನ್ ಎತ್ತಿ ತೋರಿಸುತ್ತಿದ್ದೆ. ಅವಳು ನಗುತ್ತಿದ್ದದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಹತ್ತನೆಯ ದಿನ ಎಲ್ಲರೂ ಊಟಕ್ಕೆ ಕೂತಿದ್ದೆವು. ಮುದ್ದೆ ಮುರಿಯುತ್ತಾ ತಲೆ ಎತ್ತಿದವಳು ಅಮ್ಮನ ಮುಖ ನೋಡಿ ಮುನಿಸು ಮರೆತುಬಿಟ್ಟೆ.

"ಅಮ್ಮ, ದೇವ್ರು ಹುಬ್ಬೂ ಕೇಳ್ತಾನಾ?"

ಅವಳ ಹುಬ್ಬಿನ ಜಾಗದಲ್ಲಿ ಏನೂ ಇರಲಿಲ್ಲ. ರೆಪ್ಪೆಯೂ ಇರಲಿಲ್ಲ. ಸಾರು ಬಡಿಸುತ್ತಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. "ಬಾಯಿ ಮುಚ್ಕೊಂಡು ಉಣ್ಣೇ, ಮುದ್ದೆ ಆರೋಯ್ತದೆ," ಎಂದಳು. ಅಮ್ಮ ಬೆರಳಿನಿಂದ ಹಣೆ ಸವರಿಕೊಂಡು, ತಟ್ಟೆ ಬಿಟ್ಟು ಎದ್ದು ಹೋದಳು.

ಮರುದಿನ ಅಪ್ಪ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಹಾಸನದಲ್ಲಿ ಕೊಡುವ ಔಷಧಿ ಬಹಳ ಬಿರುಸು, ಅದಕ್ಕೆ ಕೂದಲು ಬಾಚಣಿಗೆಗೆ ಕಿತ್ತು ಬರುತ್ತಿತ್ತು, ನೋಡಲಾರದೆ ಅವಳೇ ಬೋಳಿಸಿಕೊಂಡಳು ಎಂದರು. ಕ್ಯಾನ್ಸರ್ ಅನ್ನುವ ಮಾತನ್ನು ಅವತ್ತೇ ಅವರ ಬಾಯಲ್ಲಿ ಮೊದಲು ಕೇಳಿದ್ದು. ಮಾಲೇಕಲ್ಲಿಗೆ ಅವರು ಹೋಗಿಯೇ ಇರಲಿಲ್ಲ.

"ವಾಸಿ ಆಗುತ್ತಾ?"

ಅಪ್ಪ ಒಂದು ತೆಂಗಿನ ಮರದ ಸುಳಿ ನೋಡುತ್ತಾ, "ಆಗ್ತದೆ, ಆಗ್ತದೆ," ಎಂದರು. ಮರಕ್ಕೆ ಹೇಳಿದ ಹಾಗಿತ್ತು.

ಅಲ್ಲಿಂದ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಅಮ್ಮ ಮುಡಿ ಕೊಟ್ಟಿಲ್ಲ. ಆದರೆ ಕೊಟ್ಟಿದ್ದಾಳೆ ಎಂದು ಊರಿಗೆಲ್ಲ ಸಾರಿದ್ದೇವೆ. ಬಂದವರೆಲ್ಲ ಕೈ ಮುಗಿದು ಹೋಗಿದ್ದಾರೆ. ಸುಳ್ಳು ಹೇಳುವುದಿದ್ದರೆ ಬೇರೆ ಏನಾದರೂ ಹೇಳಬಹುದಿತ್ತು. ದೇವರ ಹೆಸರಲ್ಲಿ ಹೇಳಿಬಿಟ್ಟೆವಲ್ಲ! ಇನ್ನು ಆ ಸ್ವಾಮಿ ಅಮ್ಮನನ್ನು ಯಾಕೆ ವಾಸಿ ಮಾಡುತ್ತಾನೆ? ಆ ಸುಳ್ಳನ್ನು ನಿಜ ಮಾಡದೆ ಬೇರೆ ದಾರಿಯಿಲ್ಲ ಅನ್ನಿಸಿತು. ಅಮ್ಮನ ತಲೆಯಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ನನ್ನ ತಲೆಯಲ್ಲಿ ಬೇಕಾದಷ್ಟಿತ್ತು.

ಅಜ್ಜಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದರೆ ಅವಳು ಗೋಡೆಗೊರಗಿ ಕೂತು, "ಹೂಂ ಕಣೇ, ನನ್ ಹಾಳು ನಾಲಿಗೆ. ನಂಗೂ ಅದೇ ಕೊರಿತೈತೆ," ಎಂದಳು. ತನ್ನ ತುರುಬು ಮುಟ್ಟಿ ನೋಡಿಕೊಂಡು, "ನಂದೇ ಕೊಡಾನ ಅಂದ್ರೆ ಏನೈತೆ? ನಾಕು ಬಿಳೀ ಎಳೆ. ದೇವ್ರು ನಕ್ಕಾನು," ಎಂದಳು.

ಒಂದು ಶನಿವಾರ ಅಪ್ಪ ಅಮ್ಮ ಹಾಸನಕ್ಕೆ ಹೋದ ಮೇಲೆ ನಾವಿಬ್ಬರೂ ಅರಸೀಕೆರೆ ಬಸ್ಸು ಹತ್ತಿದೆವು. ಬೆಟ್ಟದ ಕೆಳಗೆ ಮುಡಿ ತೆಗೆಯುವವರು ನನ್ನ ಜಡೆ ಕೈಯಲ್ಲಿ ಹಿಡಿದು, "ಮೂರು ಕತ್ತರಿ ಸಾಕಲ್ವೇನಮ್ಮ? ಹೆಣ್ಣುಮಗು," ಎಂದರು. ತುದಿಯಲ್ಲಿ ಮೂರು ಸಲ ಕತ್ತರಿಸಿ ಕೊಟ್ಟರೂ ಹರಕೆ ಸಲ್ಲುತ್ತದಂತೆ. ಅಜ್ಜಿ ಆಸೆಯಿಂದ ನನ್ನ ಮುಖ ನೋಡಿದಳು. ನಾನು "ಪೂರಾ" ಎಂದೆ. ಕೂದಲು ಮಡಿಲಿಗೆ ಬೀಳುವಾಗ ಅತ್ತದ್ದು ಅಜ್ಜಿ, ನಾನಲ್ಲ. ಅವಳಿಗೆ ಮಂಡಿನೋವು; ಕೆಳಗೇ ಕೂತಳು. ನಾನು ಯಾರದೋ ಸಂಸಾರದ ಹಿಂದೆ ಮೆಟ್ಟಿಲು ಹತ್ತಿದೆ. ಬೋಳುತಲೆಗೆ ಬಿಸಿಲು ಚುರುಗುಟ್ಟುತ್ತಿತ್ತು. ಸ್ವಾಮಿಯ ಮುಂದೆ ನಿಂತು, "ಅಜ್ಜಿ ಹೇಳಿದ್ದು ಈಗ ನಿಜ ಆಯ್ತು. ಇನ್ನು ನಿನ್ನ ಸರದಿ," ಎಂದೆ. ಗದರಿಸಿದ ಹಾಗೆಯೇ ಹೇಳಿದ್ದು.

ನಾವು ಮನೆ ಮುಟ್ಟುವಾಗ ಇನ್ನೂ ಬೆಳಕಿತ್ತು. ಅಪ್ಪ ಅಮ್ಮ ನಮಗಿಂತ ಮುಂಚೆ ಬಂದಿದ್ದರು. ಅಮ್ಮ ಮೆಷಿನ್ ಮುಂದೆ ಸುಮ್ಮನೆ ಕೂತಿದ್ದಳು. ನನ್ನನ್ನು ನೋಡಿ, "ಅಯ್ಯೋ, ನನ್ ಗುಂಡೂ!" ಎಂದು ನಕ್ಕಳು. ನಗುತ್ತಿದ್ದ ಹಾಗೆಯೇ ಅವಳ ಮುಖ ಕಿವುಚಿಕೊಂಡಿತು.

"ಯಾರೇ ಹೇಳಿದ್ದು ನಿಂಗೆ, ಹಿಂಗ್ ಮಾಡು ಅಂತ?"

"ಯಾರೂ ಹೇಳ್ಲಿಲ್ಲ. ದೇವರ ಹೆಸರಲ್ಲಿ ಸುಳ್ಳು ಹೇಳಿದ್ವಲ್ಲ, ಅದನ್ನ ನಿಜ ಮಾಡಿ ಬಂದೆ. ಇನ್ನು ನೀನು ವಾಸಿ ಆಗ್ತೀಯ."

ಅಜ್ಜಿ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಅವಳ ಹಿಂದೆ ಅಪ್ಪ. ಅಮ್ಮ, "ನೀವೂ ಅತ್ತೇರೂ ಸ್ವಲ್ಪ ಹೊರಗಿರಿ," ಎಂದು ಬಾಗಿಲು ಹಾಕಿದಳು. ಗಿರಾಕಿಗಳು ಬರುವ ಆ ಕೋಣೆಯ ಬಾಗಿಲನ್ನು ಹಗಲು ಹೊತ್ತು ಹಾಕಿದ್ದನ್ನು ನಾನು ನೋಡಿರಲಿಲ್ಲ.

"ಇಲ್ಲಿ ಕೇಳು. ಆ ಔಷಧಿ ಕೆಲಸ ಮಾಡ್ತಿಲ್ಲ, ಇನ್ನು ಬೇಡ ಅಂತ ಇವತ್ತು ಡಾಕ್ಟ್ರು ಹೇಳಿದ್ರು. ನಂಗೆ ವಾಸಿ ಆಗಲ್ಲ ಕಣೇ ಮಗಾ."

ನಾನು ಅಳಲಿಲ್ಲ. ಕಾಲು ನೆಲಕ್ಕೆ ಬಡಿದು, "ಹಂಗಾದ್ರೆ ನನ್ನ ಕೂದ್ಲು ವಾಪಸ್ ಕೊಡ್ಲಿ ಅವನು!" ಎಂದು ಕಿರುಚಿದೆ.

"ಕೊಡ್ತಾನೆ ಕಣೇ. ಅವನು ಯಾರದನ್ನೂ ಇಟ್ಕೊಳ್ಳಲ್ಲ. ಕೂದ್ಲು ಬತ್ತದೆ. ಜಡೆಗೆ ಬರೋ ಹೊತ್ತಿಗೆ ನಾನಿರಲ್ಲ, ಅಷ್ಟೇ."

ಅವಳ ತೋಳಿಗೆ ಗುದ್ದಿದೆ. ಒಂದಲ್ಲ, ನಾಲ್ಕೈದು ಸಲ. ಕಾಯಿಲೆಯವಳು ಅನ್ನುವುದೂ ಹೊಳೆಯಲಿಲ್ಲ. ಅವಳು ಹೊಡೆಸಿಕೊಂಡಳು. ನನಗೆ ಸಾಕಾದ ಮೇಲೆ ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಏಳನೇ ಕ್ಲಾಸಿನ ಹುಡುಗಿ, ಕಾಲು ನೆಲಕ್ಕೆ ತಾಗುತ್ತಿತ್ತು.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಚಿಕ್ಕೋಳು ಅಂದ್ರು. ನಂಗೂ ಬಾಯಿ ಬರ್ಲಿಲ್ಲ. ತಪ್ಪಾಯ್ತು. ಇನ್ಮೇಲೆ ನೀನು ಏನ್ ಕೇಳಿದ್ರೂ ನಿಜ ಹೇಳ್ತೀನಿ. ನಾನು ಕೇಳಿದ್ರೆ ನೀನೂ ನಿಜಾನೇ ಹೇಳ್ಬೇಕು. ಆಯ್ತಾ?"

ಆಯ್ತು ಎಂದೆ. ಆ ಮೇಲಿನ ತಿಂಗಳುಗಳನ್ನು ದುಃಖದ ದಿನ ಎಂದು ಹೇಳಿದರೆ ಪೂರ್ತಿ ಸರಿಯಲ್ಲ. ನಾನು ಕೇಳುತ್ತಲೇ ಇದ್ದೆ, ಬಾಯಿಗೆ ಬಂದದ್ದೆಲ್ಲ ಕೇಳಿದೆ. ನೋವಾಗುತ್ತಾ? ರಾತ್ರಿ ಜಾಸ್ತಿ, ಮಾತ್ರೆ ತಗೊಂಡ್ರೆ ಕಮ್ಮಿ. ನಾನು ದೊಡ್ಡವಳಾದರೆ ಯಾರಿಗೆ ಹೇಳಲಿ? ಅಜ್ಜಿಗೆ ಹೇಳು, ಅಜ್ಜಿ ಶಾಸ್ತ್ರ ಅಂತ ಕುಣಿದರೆ ಟೀಚರಿಗೆ ಹೇಳು. ಅಪ್ಪ ಇನ್ನೊಂದು ಮದುವೆ ಆಗ್ತಾರಾ? ಅದಕ್ಕೆ ಮಾತ್ರ ನನ್ನ ಕಿವಿ ಹಿಂಡಿ, "ಆದ್ರೆ ಆಗ್ಲಿ ಬಿಡು. ಆ ಹೆಂಗ್ಸಿನ ಮೇಲೆ ನೀನು ಒಂಬತ್ತೊಂಬತ್ತು ದಿನ ಮುನಿಸ್ಕೊಂಡು ಕೂರಬ್ಯಾಡ, ಪಾಪ," ಎಂದಳು. ಇಬ್ಬರೂ ನಕ್ಕೆವು. ಅಪ್ಪ ಬಾಗಿಲಲ್ಲಿ ಇಣುಕಿ, ಏನು ಎಂದು ಕೇಳಿದರು. ಏನಿಲ್ಲ ಎಂದೆವು.

ಹಳೇಬೀಡಿನ ಹತ್ತಿರ ಅಮ್ಮನ ತವರು. ಮೈಯಲ್ಲಿ ಸ್ವಲ್ಪ ಶಕ್ತಿ ಇರುವಾಗಲೇ ಅಲ್ಲಿನ ಕೆರೆ ನೋಡಿ ಬರಬೇಕು ಎಂದಳು. ಅಪ್ಪ ಕಾರು ಗೊತ್ತು ಮಾಡಿದರು. ಅಷ್ಟು ಹೊತ್ತಿಗೆ ನಮ್ಮಿಬ್ಬರ ತಲೆಯ ಮೇಲೂ ಆಗತಾನೆ ಮೊಳೆತ ರಾಗಿಪೈರಿನ ಹಾಗೆ ಒಂದಿಷ್ಟು ಕೂದಲು ಬಂದಿತ್ತು. ಹಳೇಬೀಡಿನ ದೇವಸ್ಥಾನದ ಹೊರಗೆ ಸೌತೆಕಾಯಿಗೆ ಉಪ್ಪುಖಾರ ಸವರಿ ಕೊಡುವ ಹೆಂಗಸು ನಮ್ಮ ತಲೆ ನೋಡಿ, "ತಾಯಿ ಮಗಳು ಇಬ್ರೂ ತಿರುಪತಿಗೆ ಹೋಗಿದ್ರಾ?" ಎಂದಳು.

ಅಮ್ಮ ನನ್ನ ಕಡೆ ನೋಡಿದಳು. ನೀನು ಹೇಳು ಅನ್ನುವ ಹಾಗೆ.

"ನಾನು ಮುಡಿ ಕೊಟ್ಟಿದ್ದು. ನಮ್ಮಮ್ಮಂಗೆ ಕ್ಯಾನ್ಸರ್," ಎಂದೆ. ಆ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಆ ಹೆಂಗಸು ಅಯ್ಯೋ ಪಾಪ ಅನ್ನಲಿಲ್ಲ. ಇನ್ನೊಂದು ಎಳೆ ಸೌತೆಕಾಯಿ ಆರಿಸಿ ಸಿಪ್ಪೆ ತೆಗೆದು, "ಖಾರ ಹಾಕಿಲ್ಲ, ತಿನ್ನವ್ವ," ಎಂದು ಅಮ್ಮನ ಕೈಗೆ ಕೊಟ್ಟಳು.

ಕೆರೆಯ ಕಡೆ ನಡೆಯುವಾಗ ಅಮ್ಮ, "ಹೇಳಿದ್ಯಲ್ಲ, ಬಾಯೇನು ಸುಟ್ಟೋಯ್ತಾ?" ಎಂದಳು.

"ಇಲ್ಲ."

"ಮತ್ತೆ?" ಎಂದು ಸೌತೆಕಾಯಿ ಕಚ್ಚಿದಳು.

ರಾಗಿ ಕುಯ್ಲಿನ ಹೊತ್ತಿಗೆ ಅಮ್ಮ ತೀರಿಕೊಂಡಳು. ಅದಕ್ಕೆ ಒಂದು ವಾರ ಮುಂಚೆ ಬೇಲೂರಿನಿಂದ ನೆಂಟರು ನೋಡಲು ಬಂದಿದ್ದರು. ಹಾಸಿಗೆಯ ಸುತ್ತ ಕೂತು, "ಮುಖದಲ್ಲಿ ಕಳೆ ಬಂದೈತೆ, ಯುಗಾದಿಗೆಲ್ಲ ಎದ್ದು ಓಡಾಡ್ತೀಯ ನೋಡು," ಎಂದರು. ಅಮ್ಮ ಎಲ್ಲದಕ್ಕೂ ಹೂಂ ಹೂಂ ಎಂದಳು. ಅವರನ್ನು ಕಳಿಸಲು ಅಪ್ಪ ಬಸ್‌ಸ್ಟ್ಯಾಂಡಿಗೆ ಹೋದರು. ಅಮ್ಮ ನನ್ನನ್ನು ಕರೆದು, "ಬಾಗಿಲು ಮುಂದಕ್ಕೆ ಹಾಕು. ಅವರೆಲ್ಲ ಏನೇನೋ ಅಂದ್ರು. ನೀನು ಹೇಳು, ನಾನು ಹೆಂಗ್ ಕಾಣ್ತೀನಿ?" ಎಂದಳು.

ಚೆನ್ನಾಗಿದ್ದೀಯ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೇನು ಸುಲಭವಾಗಿ ಬಂದಿತ್ತು ಅಂತೀರಿ! ಅಪ್ಪ ಯಾಕೆ ತೆಂಗಿನ ಮರ ನೋಡಿಕೊಂಡು ಮಾತಾಡಿದರು, ಅಜ್ಜಿ ಯಾಕೆ ಅಷ್ಟು ಬೇಗ ಸುಳ್ಳು ಹುಟ್ಟಿಸಿದಳು ಅನ್ನುವುದು ನನಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಅವರ ಮೇಲೆ ಉಳಿದಿದ್ದ ಸಿಟ್ಟೂ ಅಲ್ಲಿಗೇ ಹೋಯಿತು. ಆದರೆ ಅಮ್ಮ ಕಾಯುತ್ತಿದ್ದಳು.

"ಚೆನ್ನಾಗಿಲ್ಲಮ್ಮ. ಮೊನ್ನೆಗಿಂತ ಇಳಿದುಹೋಗಿದ್ದೀಯ. ಕಣ್ಣು ಹಳದಿ ಆಗಿದೆ."

"ಹೂಂ, ನಂಗೂ ಹಂಗೇ ಅನ್ನಿಸ್ತು," ಎಂದಳು. ಅವಳ ಮುಖ ಸ್ವಲ್ಪ ಸಡಿಲವಾಯಿತು. "ಭಯ ಆಗ್ತದಾ ನಿಂಗೆ?"

"ಆಗುತ್ತೆ."

"ನಂಗೂ ಕಣೇ," ಎಂದಳು ಅಮ್ಮ. ಗೋಡೆಯ ಕಡೆ ಸರಿದು ಜಾಗ ಮಾಡಿದಳು. ನಾನು ಹೋಗಿ ಪಕ್ಕದಲ್ಲಿ ಮಲಗಿದೆ.