ಸೊಸೆ ಮರ ಹತ್ತುವ ಮುಂಚೆ

ನನ್ನ ಸೊಸೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಮೊದಮೊದಲು "ಅದೇ, ಗಿಡ ಮರ ನೋಡ್ಕೊಳ್ಳೋದು" ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಮರ ಹತ್ತುತ್ತಾಳೆ ಎಂದರೆ ಜನ ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಅಯ್ಯೋ ಪಾಪ ಅನ್ನುತ್ತಾರೆ. ಎರಡೂ ನನಗೆ ಆಗದು. ನಿಜ ಹೇಳಬೇಕೆಂದರೆ ಅವಳು ಸೊಂಟಕ್ಕೂ ತೊಡೆಗೂ ಬೆಲ್ಟು ಬಿಗಿದು, ಹಗ್ಗದ ಮೇಲೆ ಏರಿ, ರಸ್ತೆಬದಿಯ ದೊಡ್ಡ ಮರಗಳ ಒಣಕೊಂಬೆಗಳನ್ನು ಗರಗಸದಿಂದ ಕೊಯ್ದು ಇಳಿಸುತ್ತಾಳೆ. ಅವಳ ಗಂಡ, ಅಂದರೆ ನನ್ನ ಮಗ, ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ಅದನ್ನು ಹಿಡಿದುಕೊಂಡು ಕೆಳಗೆ ನಾನು ನಿಂತಿರಬೇಕು. ಜೋಡಿ ಅಂದರೆ ಹೀಗಿರಬೇಕು ನೋಡಿ!

ಆ ತಂಡದಲ್ಲಿ ಅವಳೊಬ್ಬಳೇ ಹೆಂಗಸು. ಅಳಿಲು ಎಂದು ಹೆಸರಿಟ್ಟಿದ್ದಾರೆ. ಅವಳಿಗದು ಇಷ್ಟ, ನನಗೆ ಮೈ ಉರಿಯುತ್ತದೆ. ಕೊಟ್ಟಿರುವ ಬೆಲ್ಟು ಮಾತ್ರ ಅಳಿಲಿನ ಅಳತೆಯದಲ್ಲ, ದಪ್ಪ ಗಂಡಸರಿಗೆಂದು ಮಾಡಿದ್ದು. ಅವಳ ತೊಡೆಗೆ ಬಿಗಿದರೆ ಪಟ್ಟಿ ಮೊಳದುದ್ದ ಉಳಿದು ಬಾಲದ ಹಾಗೆ ನೇತಾಡುತ್ತದೆ, ಕೊಂಬೆಗೆ ಸಿಕ್ಕಿಕೊಳ್ಳುತ್ತದೆ.

"ನನ್ನ ಅಳತೆಯದು ಕೊಡಿ ಅಂತ ಕೇಳೋಕೆ ಬಾಯಿಗೇನಾಗಿದೆ ನಿಂಗೆ?" ಎಂದು ಎಷ್ಟೋ ಸಲ ಗದರಿದ್ದೇನೆ.

"ಕೇಳಿದ್ರೆ, ಇದಕ್ಕೇ ಹೆಂಗಸರು ಬೇಡ ಅಂದಿದ್ದು ಅಂತಾರೆ. ಸುಮ್ನಿರಿ ಅತ್ತೆ."

ನಾನು ಹೊಲಿಗೆಯವಳು. ಒಂದು ಸಂಜೆ ಅವಳೇ ಬೆಲ್ಟು ತಂದು ನನ್ನ ಮಷೀನಿನ ಮೇಲಿಟ್ಟು, "ಈ ಬಾಲಗಳನ್ನ ಕತ್ತರಿಸಿ ಕೊಡಿ" ಎಂದಳು. ಪಟ್ಟಿಯ ತುದಿ ಬಕಲಿನೊಳಗೆ ಹೋಗಿ, ತಿರುಗಿ ಇನ್ನೊಮ್ಮೆ ಅದರೊಳಗೇ ವಾಪಸು ಬರಬೇಕು, ಆಗಲೇ ಅದು ಜಾರುವುದಿಲ್ಲ ಎಂದು ತೋರಿಸಿಕೊಟ್ಟಳು. ನಾನು ಅವಳಿಗೆ ಬೆಲ್ಟು ಹಾಕಿಸಿ, ಸೀಮೆಸುಣ್ಣದಿಂದ ಗುರುತು ಮಾಡಿ, ವಾಪಸು ಬರಲು ಬೇಕಾದಷ್ಟು ಉದ್ದ ಬಿಟ್ಟೇ ಕತ್ತರಿಸಿ ಅಂಚು ಹೊಲಿದೆ. ಹೊಲಿಗೆ ಚೆನ್ನಾಗಿ ಕೂತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ, ಅವಳು ಬಿಚ್ಚಿಟ್ಟಿದ್ದ ಪೈಜಾಮ ಮಡಿಸಲು ಎತ್ತಿಕೊಂಡೆ. ತೆಳು ಹತ್ತಿ. ಆ ಬಟ್ಟೆ ಬೆರಳಿಗೆ ಸಿಕ್ಕಿದ್ದೇ ತಡ, ಎದೆ ಧಸಕ್ಕೆಂದಿತು. ನಾನು ಅಳತೆ ತೆಗೆದದ್ದು ಈ ಪೈಜಾಮದ ಮೇಲೆ! ಕೆಲಸದಲ್ಲಿ ಅವಳು ಹಾಕುವುದು, ಗರಗಸ ತಗುಲಿದರೂ ಕಾಲು ಉಳಿಯಲಿ ಎಂದು ಪದರದ ಮೇಲೆ ಪದರವಿಟ್ಟು ಮಾಡಿದ, ರಜಾಯಿಯಷ್ಟು ದಪ್ಪದ ಪ್ಯಾಂಟು. ಅದರ ಮೇಲೆ ಸುತ್ತಿದರೆ ಪಟ್ಟಿಯ ತುದಿ ವಾಪಸು ಬರುವಷ್ಟು ಉಳಿಯುವುದೇ ಇಲ್ಲ.

ಫೋನು ಮಾಡಿದೆ, ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಅವಳ ಫೋನು ಊಟದ ಚೀಲದಲ್ಲಿ ಬಿದ್ದಿರುತ್ತದೆ. ಅವತ್ತು ಗ್ರಂಥಾಲಯದ ಹತ್ತಿರ ಕೆಲಸ ಎಂದಿದ್ದಳು. ಸಿಕ್ಕಿದ ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದೆ. ಅವತ್ತೇ ಆ ಹಾಳು ಬಸ್ಸಿಗೆ ಕಂಡಕಂಡಲ್ಲಿ ನಿಲ್ಲಬೇಕಿತ್ತು. ನನಗಿದ್ದದ್ದು ಒಂದೇ ಸಮಾಧಾನ. ಹತ್ತುವ ಮುಂಚೆ ಒಬ್ಬರ ಬೆಲ್ಟನ್ನು ಇನ್ನೊಬ್ಬರು ಎಳೆದು ನೋಡಲೇಬೇಕು, ಅದು ಅವರಲ್ಲಿ ನಿಯಮ ಎಂದು ಅವಳು ಯಾವತ್ತೋ ಹೇಳಿದ್ದಳು. ಯಾರಾದರೂ ಎಳೆದೇ ಎಳೆಯುತ್ತಾರೆ, ಪಟ್ಟಿ ಜಾರುತ್ತದೆ, ಅವಳನ್ನು ಕೆಳಗೇ ನಿಲ್ಲಿಸುತ್ತಾರೆ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಾ ಕೂತೆ. ಮನಸ್ಸು ಕೇಳಬೇಕಲ್ಲ!

ಗ್ರಂಥಾಲಯದ ಮುಂದಿನ ರಸ್ತೆಗೆ ಅಡ್ಡಲಾಗಿ ಟೇಪು ಕಟ್ಟಿದ್ದರು. ಕೊಂಬೆ ಪುಡಿ ಮಾಡುವ ಯಂತ್ರ ಕಿವಿ ಹರಿದುಹೋಗುವಂತೆ ಅರಚುತ್ತಿತ್ತು. ಸದ್ಯ, ಅವಳಿನ್ನೂ ನೆಲದ ಮೇಲಿದ್ದಳು. ಗಿಡ್ಡ ಎಂದು ಅವರೆಲ್ಲ ಕರೆಯುವ ಕೆಲಸಗಾರನ ಬೆಲ್ಟನ್ನು ತಂಡದ ಮೇಸ್ತ್ರಿ ಹಿಡಿದು, ಸೊಂಟದಲ್ಲಿ ಒಮ್ಮೆ, ತೊಡೆಯಲ್ಲಿ ಒಮ್ಮೆ, ಗೋಣಿಚೀಲ ಕೊಡವಿದಂತೆ ಕೊಡವುತ್ತಿದ್ದ. ಹೋದ ಜೀವ ಬಂದಂತಾಯಿತು ನನಗೆ. ಆಮೇಲೆ ನನ್ನ ಸೊಸೆಯ ಸರದಿ. ಮೇಸ್ತ್ರಿ ಹಿಂದೆ ಸರಿದು ನಿಂತ. ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಎಲ್ಲ ಸರಿಯಿದೆಯಾ ಎನ್ನುವಂತೆ ಹೆಬ್ಬೆರಳೆತ್ತಿದ. ಅವಳು ತಲೆಯಾಡಿಸಿದಳು. ಅಷ್ಟೇ! ಹಗ್ಗಕ್ಕೆ ಕೈ ಹಾಕಿ ಮೇಲೇರತೊಡಗಿದಳು.

ಕೂಗಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಟೇಪಿನಡಿ ನುಗ್ಗಿ ಓಡಿಹೋಗಿ, ನೆಲ ಬಿಟ್ಟಿದ್ದ ಅವಳ ಬೂಟನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಯಾರೋ ಯಂತ್ರ ನಿಲ್ಲಿಸಿದರು.

"ಅತ್ತೆ! ಎಲ್ಲರ ಮುಂದೆ ಮಾನ ತೆಗೀತೀರಲ್ಲ!" ಎನ್ನುತ್ತಾ ಇಳಿದಳು. ನಾನು ಅವಳ ತೊಡೆಯ ಪಟ್ಟಿ ಹಿಡಿದು ಎಳೆದೆ. ಬಕಲಿನಿಂದ ಜಾರಿ ತುದಿ ನನ್ನ ಕೈಗೇ ಬಂತು.

ಅವಳ ಮುಖ ಬಿಳಿಚಿಕೊಂಡಿತು. "ಉದ್ದ ಸಾಲ್ತಿಲ್ಲ ಅಂತ ಗೊತ್ತಿತ್ತು," ಎಂದಳು ಮೆಲ್ಲಗೆ. "ಬಕಲಿನೊಳಗೆ ಒಂದ್ಸಲ ಹೋಗಿದೆಯಲ್ಲ, ತಡ್ಕೊಳ್ಳುತ್ತೆ ಅಂದ್ಕೊಂಡೆ. ಹೇಳಿದ್ರೆ ಮನೆಗೆ ಕಳಿಸಿಬಿಡ್ತಿದ್ರು. ಆಮೇಲೆ ಕರೀತಾನೂ ಇರ್ಲಿಲ್ಲ."

"ಕತ್ತರಿಸಿದ್ದು ನಾನೇ," ಎಂದು ಮೇಸ್ತ್ರಿಗೆ ಹೇಳಿದೆ. "ಬೈಯೋದಿದ್ರೆ ಆಮೇಲೆ ಬೈಯಿ. ನೀನು ಯಾಕಪ್ಪ ಎಳೆದು ನೋಡ್ಲಿಲ್ಲ?"

"ಹೆಣ್ಣುಮಗಳು ಅಲ್ವೇನಮ್ಮ, ತೊಡೆ ಹತ್ರ ಹೇಗೆ ಕೈ ಹಾಕೋದು? ಮರ್ಯಾದೆ ಅಂತ ಒಂದಿದೆಯಲ್ಲ. ಬಂದ ದಿನದಿಂದ ನಾವ್ಯಾರೂ ಮುಟ್ಟಿಲ್ಲ." ಅದನ್ನು ಹೆಮ್ಮೆಯಿಂದಲೇ ಹೇಳಿದ.

ಬಂದ ದಿನದಿಂದ! ದಿನಾ ಬೆಳಿಗ್ಗೆ ಯಾರೋ ನೋಡಿ ಕಳಿಸುತ್ತಾರೆ ಎಂದು ನಾನು ಮನೆಯಲ್ಲಿ ನಿಶ್ಚಿಂತೆಯಾಗಿ ಬಟ್ಟೆ ಹೊಲಿಯುತ್ತಾ ಕೂತಿದ್ದೆನಲ್ಲ.

"ಬಿದ್ದಿದ್ರೆ ಎತ್ತೋಕೆ ಕೈ ಹಾಕ್ತಿದ್ಯೋ, ಅದಕ್ಕೂ ಮರ್ಯಾದೆ ಅಡ್ಡ ಬರ್ತಿತ್ತೋ?" ಎಂದೆ.

ಗಿಡ್ಡ ತನ್ನ ಬೆಲ್ಟು ಬಿಚ್ಚಿ, "ಅಳಿಲು, ಇವತ್ತು ಇದು ಹಾಕ್ಕೋ. ನಾನು ಕೆಳಗಿರ್ತೀನಿ" ಎಂದು ಅವಳ ಕೈಗಿಟ್ಟ. ಅದಕ್ಕೂ ಬಾಲ ಉದ್ದವೇ, ಆದರೆ ತುದಿ ತಿರುಗಿ ವಾಪಸು ಬರುತ್ತಿತ್ತು.

"ನಂಗೆ ನನ್ನ ಅಳತೆಯದು ಬೇಕು ಮೇಸ್ತ್ರಿ," ಎಂದಳು ಸೊಸೆ.

"ತರಿಸ್ತೀನಮ್ಮ," ಎಂದ ಅವನು.

ಅವತ್ತು ಅವಳು ನನ್ನ ಜೊತೆ ಮನೆಗೆ ಬಂದರೆ ಸಾಕಿತ್ತು ನನಗೆ. ಅವಳೋ, ಬೆಲ್ಟು ಬಿಗಿದುಕೊಂಡು, ಮೇಸ್ತ್ರಿಯ ಮುಂದೆ ತೋಳು ಅಗಲಿಸಿ ನಿಂತಳು. "ಬನ್ನಿ. ಗಿಡ್ಡಣ್ಣಂಗೆ ಎಳೆದ ಹಾಗೇ ಎಳೀರಿ."

ಅವನು ನನ್ನ ಮುಖ ನೋಡಿದ. ನಡುರಸ್ತೆಯಲ್ಲಿ, ಅತ್ತೆಯ ಎದುರಿಗೇ, ಸೊಸೆಯ ತೊಡೆಯ ಪಟ್ಟಿಗೆ ಪರಗಂಡಸು ಕೈ ಹಾಕುವುದು. ನನಗೂ ಮುಖ ತಿರುಗಿಸಿಕೊಳ್ಳಬೇಕೆನ್ನಿಸಿತು. ತಿರುಗಿಸಲಿಲ್ಲ. ಅವನು ಬೆರಳ ತುದಿಯಲ್ಲಿ ಪಟ್ಟಿಯನ್ನು ಮುಟ್ಟಿದಂತೆ ಮಾಡಿ ಕೈ ತೆಗೆದ.

"ಜೋರಾಗಿ ಎಳಿಯಪ್ಪ," ಎಂದೆ.