ಬಿಳಿ ದೀಪಕ್ಕೊಂದು ಹೆಸರು

ರೈಲಣ್ಣ ತೀರಿಕೊಂಡ ಸುದ್ದಿ ಸೊರೇ ಬಂದರಿಗೆ ಬಂದದ್ದು ನಸುಕಿನಲ್ಲಿ. ಕಡಲು ಹಿಂದೆ ಸರಿದಿದೆ. ಮಂಜು ಕೆಸರುಬಯಲಿನ ಮೇಲೆ ಇನ್ನೂ ಮಲಗಿದೆ. ಎಪ್ಪತ್ತೆಂಟರ ಮೋಕ್ ಜಮ್ರೆ ಮಣೆಯ ಮೇಲೆ ಕೂತು ಚಿಪ್ಪು ಬಿಡಿಸುತ್ತಿದ್ದಾರೆ. ದಿನಕ್ಕೆ ಮೂವತ್ತು ಕಿಲೋ, ಐವತ್ತು ವರ್ಷಗಳಿಂದ.

"ಅಕ್ಕಾ, ಚಿಕ್ಕ ರೈಲು ಓಡಿಸ್ತಿದ್ದ ಅಣ್ಣ ಹೋಗ್ಬಿಟ್ರಂತೆ. ಸುವೊನ್ ಆಸ್ಪತ್ರೇಲಿಟ್ಟಿದಾರಂತೆ," ಎನ್ನುತ್ತಾಳೆ ಪಕ್ಕದ ಅಂಗಡಿಯ ಮಲ್ಸುನ್.

ಚಾಕು ನಿಲ್ಲುತ್ತದೆ. "ಗುಡೀಲಿ ಬಿಳಿ ದೀಪ ಕಟ್ಟಿಸ್ಬೇಕು. ಅವರ ಹೆಸರೇನೇ?"

"ರೈಲಣ್ಣ."

"ಹಾಗಂತ ಚೀಟಿ ಬರೆಸಿದ್ರೆ ಬುದ್ಧ ಯಾರನ್ನಂತ ಹುಡುಕ್ತಾನೆ?"

"ಇಪ್ಪತ್ತೆರಡು ವರ್ಷ ಅವರ ರೈಲಲ್ಲಿ ಓಡಾಡಿದೋಳು ನೀನು. ನನ್ನ ಕೇಳ್ತೀಯಲ್ಲ!"

ಸತ್ತವರ ಹೆಸರಿನ ಚೀಟಿಯಿಲ್ಲದೆ ಗುಡಿಯ ಸೂರಿಗೆ ಬಿಳಿ ಕಾಗದದ ದೀಪ ತೂಗುವುದಿಲ್ಲ. ಅದೇ ಜಮ್ರೆಯವರಿಗೆ ಹತ್ತಿದ ಸಂಕಟ.

ಸುವೊನ್‌ನಿಂದ ಇಂಚೆನ್‌ಗೆ ಉಪ್ಪು ಸಾಗಿಸಲು ಜಪಾನಿಯರ ಕಾಲದಲ್ಲಿ ಹಾಕಿದ ಹಳಿ ಅದು; ಅಗಲ ಬರೀ ಎರಡೂವರೆ ಅಡಿ. ಎದುರುಬದುರು ಕೂತವರ ಮೊಣಕಾಲು ತಾಗುತ್ತಿದ್ದವು. ಏರು ಬಂದರೆ ಜನ ಇಳಿದು ನಡೆಯುತ್ತಿದ್ದರು. "ನಾವು ಮುಂದೆ, ರೈಲು ಹಿಂದೆ. ಬೇಗ ಬಾರೋ ಸೋಮಾರಿ ಅಂತ ಬೈತಿದ್ವಿ," ಎಂದು ಜಮ್ರೆ ನಗುತ್ತಾರೆ. ಗಂಡ ಕಡಲುಪಾಲಾದ ಮೇಲೆ ಮೂವರು ಹೆಣ್ಣುಮಕ್ಕಳು ದೊಡ್ಡವರಾದದ್ದು ಆ ರೈಲಿನಲ್ಲಿ ಬೋಗುಣಿ ತುಂಬ ಹೊತ್ತೊಯ್ದು ಮಾರಿದ ಚಿಪ್ಪಿನಿಂದ.

ಹೆಂಗಸರು ಕೆಸರಿನಿಂದ ಮೇಲೆ ಬರುವುದು ತಡವಾದರೆ ರೈಲಣ್ಣ ರೈಲು ಬಿಡುತ್ತಿರಲಿಲ್ಲ. "ಎಂಜಿನ್‌ಗೆ ನೆಗಡಿ ಅಂತ ಮೇಲಿನೋರಿಗೆ ಹೇಳೋರು. ವಾರಕ್ಕೆ ಮೂರು ಸಲ ನೆಗಡಿ!" ಸಾವಿರದ ಒಂಬೈನೂರ ತೊಂಬತ್ತೈದರ ಕೊನೆಯ ದಿನ ಆ ರೈಲೂ ನಿಂತಿತು. ಹೆಸರು ಕೇಳುವುದು ಹಾಗೇ ಉಳಿದುಹೋಯಿತು.

ಜಮ್ರೆ ಕೈ ತೊಳೆದು ಹೊರಡುತ್ತಾರೆ. ಅಗಲ ಹಳಿಯ ಈಗಿನ ರೈಲಿನಲ್ಲಿ ಯಾರ ಮೊಣಕಾಲೂ ಯಾರಿಗೂ ತಾಗುವುದಿಲ್ಲ. ಕಿಟಕಿಯಾಚೆ ಹಳೆಯ ಉಪ್ಪಿನ ಗದ್ದೆಗಳು ಕನಸಿನಂತೆ ಹಿಂದಕ್ಕೆ ಸರಿಯುತ್ತವೆ.

ಆಸ್ಪತ್ರೆಯ ಅಂತಿಮದರ್ಶನದ ಕೋಣೆಯಲ್ಲಿ, ಸೇವಂತಿಗೆಯ ನಡುವೆ ಇಟ್ಟ ಚಿತ್ರಕ್ಕೆ ಎರಡು ಸಲ ಅಡ್ಡಬೀಳುತ್ತಾರೆ. ರೈಲಣ್ಣನ ಮಗಳು ಬಂದು ಕೈ ಹಿಡಿಯುತ್ತಾಳೆ.

"ಯಾರು ತಾಯಿ?"

"ಸೊರೇಯವಳಮ್ಮ. ಚಿಪ್ಪು ಮಾರೋಳು."

"ಯಾವ ಬೋಗುಣಿ?"

ಜಮ್ರೆ ತಬ್ಬಿಬ್ಬಾಗುತ್ತಾರೆ.

"ಅಪ್ಪಂಗೆ ನಿಮ್ಮ ಹೆಸರ್‍ಯಾವುದೂ ಗೊತ್ತಿರ್ಲಿಲ್ಲ. ಹಸಿರು ಬೋಗುಣಿ ಬಂತಾ, ಸೀಳು ಬೋಗುಣಿ ಬಂತಾ ಅಂತ ಎಣಿಸಿಯೇ ರೈಲು ಬಿಡ್ತಿದ್ರಂತೆ."

"ಸೀಳಿದ್ದು... ನಂದೇ ಕಣಮ್ಮ." ಚಿತ್ರದ ಕಡೆ ತಿರುಗಿ, ಹೊಸಬರೊಡನೆ ಮಾತಾಡುವಂತೆ ಹೇಳುತ್ತಾರೆ: "ಅಣ್ಣಾ, ನನ್ನ ಹೆಸರು ಮೋಕ್ ಜಮ್ರೆ. ನಿಮ್ಮದು?"

ಉತ್ತರ ಮಗಳು ಕೊಡುತ್ತಾಳೆ. ಅಂಗಡಿಗೆ ಕಳಿಸಿದ ಮಗುವಿನಂತೆ ಅದನ್ನೇ ಬಾಯಲ್ಲಿ ಗುನುಗುತ್ತ ಅವರು ಊರಿಗೆ ಮರಳುತ್ತಾರೆ.

ಮರುದಿನ ಬೆಳಗ್ಗೆ ಗುಡಿಯಲ್ಲಿ ಭಿಕ್ಷು ಕುಂಚ ಎತ್ತಿ ಕೇಳುತ್ತಾರೆ, "ಹೆಸರು?"

"ಪ್ಯೋ ಇಕ್ಸು," ಎನ್ನುತ್ತಾರೆ ಜಮ್ರೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಬಿಳಿ ದೀಪ ಸೂರಿನಡಿ ತೂಗುತ್ತದೆ.

ನಮೋ ಅಮಿತಾಭ ಬುದ್ಧ. ಎಲ್ಲರಿಗಾಗಿ ಕಾದ ಪ್ಯೋ ಇಕ್ಸು ಅವರನ್ನು ನಿನ್ನ ನಾಡಿನ ಬಾಗಿಲಲ್ಲಿ ಕಾಯಿಸಬೇಡ. ಅವರಿಗೆ ಶಾಂತಿ ದೊರೆಯಲಿ.